ಜನ ನಂಬಿದ ಮುಖ: ಮಾನ್‌ಫ್ರೆಡ್ ಕ್ರೂಗ್

ಕೇಳುಗರೆ, ನಮಸ್ಕಾರ.

ಪೂರ್ವ ಜರ್ಮನಿಯ ಒಂದು ಹಳೇ ಕಪ್ಪು ಬಿಳುಪು ಸಿನಿಮಾದ ದೃಶ್ಯ ಹೇಳುತ್ತೇನೆ, ಕೇಳಿ. ಊರ ನಡುವೆ ಒಂದು ಕೊಳ. ಅಲ್ಲೇ ಹತ್ತಿರ ದೊಡ್ಡ ಕಾರ್ಖಾನೆ ಕಟ್ಟಲು ಬಂದಿರುವ ಬಡಗಿಗಳ ಗುಂಪೊಂದು ಮೈಮೇಲಿನ ಬಟ್ಟೆ ಬಿಚ್ಚಿ ಬಿಸಾಕಿ ಆ ಕೊಳಕ್ಕೆ ಹಾರುತ್ತದೆ. ಪೊಲೀಸಿನವನು ಬಂದು ಗದರುತ್ತಾನೆ. ಇವರು ಮೇಲೆ ಬರುವುದು ಹಾಗಿರಲಿ, ಅವನನ್ನೇ ಯೂನಿಫಾರ್ಮ್ ಸಮೇತ ನೀರಿಗೆ ಎಳೆದುಕೊಳ್ಳುತ್ತಾರೆ. ಗುಂಪಿನ ಮೇಸ್ತ್ರಿಯ ಹೆಸರು ಹಾನ್ನೆಸ್ ಬಲ್ಲಾ. ತಲೆಗೆ ಅಗಲ ಅಂಚಿನ ಟೋಪಿ, ಬಡಗಿಗಳ ಕಪ್ಪು ಉಡುಪು. ಯಾರ ಮಾತೂ ಕೇಳದವನು. ಆದರೆ ಕೆಲಸಕ್ಕೆ ನಿಂತರೆ ಅವನನ್ನು ಮೀರಿಸುವವರಿಲ್ಲ. ಸಿಮೆಂಟು, ಮರಳು ಬರಲಿಲ್ಲ ಅಂದರೆ ಬೇರೆಯವರಿಗೆ ಹೊರಟ ಲಾರಿಯನ್ನೇ ಅಡ್ಡಹಾಕುವ ಜಾತಿ.

ಆ ಬಲ್ಲಾ ಪಾತ್ರ ಮಾಡಿದವರು ಮಾನ್‌ಫ್ರೆಡ್ ಕ್ರೂಗ್. ಸಿನಿಮಾದ ಹೆಸರು 'ಶ್ಪುರ್ ದೆರ್ ಷ್ಟೈನೆ', ಕಲ್ಲುಗಳ ಜಾಡು. 1966ರಲ್ಲಿ ಬಂತು. ಚಿತ್ರಮಂದಿರದಲ್ಲಿ ಕೆಲವೇ ದಿನ ನಿಂತಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಈ ಮನುಷ್ಯ ಎಲ್ಲಿಂದ ಬಂದ ಅನ್ನುವುದನ್ನು ನೋಡೋಣ.

ಕ್ರೂಗ್ ಹುಟ್ಟಿದ್ದು 1937ರಲ್ಲಿ, ಜರ್ಮನಿಯ ಪಶ್ಚಿಮ ಭಾಗದ ಡುಯಿಸ್‌ಬುರ್ಗ್‌ನಲ್ಲಿ. ಕಲ್ಲಿದ್ದಲು, ಉಕ್ಕಿನ ಊರು. ಯುದ್ಧ ಮುಗಿದ ಮೇಲೆ, 1949ರಲ್ಲಿ, ಅಪ್ಪನ ಜೊತೆ ಪೂರ್ವ ಜರ್ಮನಿಗೆ ಬಂದರು. ಆಗ ಅವರಿಗೆ ಹನ್ನೆರಡು ವರ್ಷ. ಆಮೇಲೆ ಬ್ರಾಂಡೆನ್‌ಬುರ್ಗ್‌ನ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸ. ಹಗಲು ಉಕ್ಕು ಕರಗಿಸುವುದು, ಸಂಜೆ ಶಾಲೆಗೆ ಹೋಗಿ ಓದು ಮುಗಿಸುವುದು. ಒಮ್ಮೆ ಕರಗಿದ ಉಕ್ಕು ಸಿಡಿದು ಹಣೆಗೆ ಬಿತ್ತು. ಆ ಕಲೆ ಜೀವನಪೂರ್ತಿ ಉಳಿಯಿತು. ಮುಂದೆ ಪರದೆಯ ಮೇಲೆ ಅವರ ಮುಖ ಹತ್ತಿರದಿಂದ ಕಂಡಾಗಲೆಲ್ಲ ಆ ಕಲೆಯೂ ಕಾಣುತ್ತಿತ್ತು. ಮೇಕಪ್ಪಿನವರು ಕೂರಿಸಿದ್ದಲ್ಲ ನೋಡಿ ಅದು.

ಬರ್ಲಿನ್ನಿನ ಸರ್ಕಾರಿ ನಟನಾ ಶಾಲೆಗೆ ಸೇರಿದರು, ಪೂರ್ತಿ ಮುಗಿಸಲಿಲ್ಲ. ನಾಟಕಕಾರ ಬ್ರೆಖ್ಟ್ ಕಟ್ಟಿದ ನಾಟಕ ತಂಡದಲ್ಲಿ ಸ್ವಲ್ಪ ಕಾಲ ಕಲಿತರು. 1960ರ ಹೊತ್ತಿಗೆ ಸಿನಿಮಾ ಕೈ ಹಿಡಿಯಿತು. 1962ರ ಒಂದು ಚಿತ್ರದಲ್ಲಂತೂ ಅವರ ಕಥೆಯನ್ನೇ ಹೆಚ್ಚುಕಡಿಮೆ ಅವರಿಗೆ ಪಾತ್ರವಾಗಿ ಕೊಟ್ಟರು. ಉಕ್ಕಿನ ಕಾರ್ಖಾನೆಯ ಹುಡುಗ ನಟನಾಗಲು ಹೋಗಿ, ಶಾಲೆಯಿಂದ ಹೊರಬಿದ್ದು, ಕಟ್ಟಡ ಕೆಲಸಕ್ಕೆ ಸೇರುವ ಹಾಸ್ಯಚಿತ್ರ ಅದು. ಜನಕ್ಕೆ ಹಿಡಿಸಿಬಿಟ್ಟಿತು. 1965ರಲ್ಲಿ ಮಕ್ಕಳ ಅಜ್ಜಿಕಥೆಯೊಂದರಲ್ಲಿ ರಾಜನಾದರು. ಆಮೇಲೆ ಬಂದವನೇ ಬಲ್ಲಾ.

ಸರ್ಕಾರಕ್ಕೆ ಕ್ರೂಗ್ ಯಾಕೆ ಬೇಕಿತ್ತು ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ಕಾರ್ಮಿಕರ ರಾಜ್ಯ ಅಂತ ಹೇಳಿಕೊಳ್ಳುವ ದೇಶಕ್ಕೆ ನಿಜವಾದ ಕಾರ್ಮಿಕನ ಕೈ, ನಿಜವಾದ ಕಾರ್ಮಿಕನ ಬಾಯಿ ಇರುವ ನಟ ಸಿಕ್ಕಿದ್ದ. ಭಾಷಣ ಮಾಡುವ ಆದರ್ಶ ಕೆಲಸಗಾರರು ಪರದೆ ಮೇಲೆ ಬೇಕಾದಷ್ಟಿದ್ದರು, ನಂಬುವವರು ಇರಲಿಲ್ಲ. ಕ್ರೂಗ್ ಬಂದು ಸುಮ್ನೆ ನಿಂತರೂ ಜನ ನಂಬುತ್ತಿದ್ದರು. ತೊಂದರೆ ಇದ್ದದ್ದೂ ಅಲ್ಲೇ. ಅವರು ಆಳುವ ಕಮ್ಯುನಿಸ್ಟ್ ಪಕ್ಷವನ್ನು ಹೊಗಳಿದರೆ ಜನ ನಂಬುತ್ತಾರೆ ಸರಿ, ಪೊಲೀಸಿನವನನ್ನು ನೀರಿಗೆ ಎಳೆದರೆ ಅದನ್ನೂ ನಂಬುತ್ತಾರಲ್ವಾ?

1965ರ ಡಿಸೆಂಬರಿನಲ್ಲಿ ಆಳುವ ಪಕ್ಷದ ಕೇಂದ್ರ ಸಮಿತಿ ಸಭೆ ಸೇರಿ ಸಿನಿಮಾ, ಸಾಹಿತ್ಯದ ಮೇಲೆ ಹರಿಹಾಯ್ದಿತ್ತು. ಒಂದರ ಹಿಂದೊಂದು ಚಿತ್ರಗಳು ಡಬ್ಬಿ ಸೇರಿದವು. ಫ್ರಾಂಕ್ ಬಾಯರ್ ನಿರ್ದೇಶಿಸಿದ ಬಲ್ಲಾನ ಚಿತ್ರ ಹೇಗೋ ತಪ್ಪಿಸಿಕೊಂಡು 1966ರ ಬೇಸಿಗೆಯಲ್ಲಿ ಬಿಡುಗಡೆ ಆಯಿತು. ಆಗ ಪಕ್ಷದವರೇ ಚಿತ್ರಮಂದಿರಕ್ಕೆ ಗಲಾಟೆ ಮಾಡುವವರನ್ನು ಕಳಿಸಿದರು. ದೀಪ ಆರಿದ ಮೇಲೆ ಕೂಗಾಟ. ಮರುದಿನ ಪತ್ರಿಕೆಯಲ್ಲಿ 'ಜನರೇ ಸಿಟ್ಟಾಗಿದ್ದಾರೆ' ಅನ್ನುವ ಧಾಟಿಯ ಸುದ್ದಿ. ಚಿತ್ರ ವಾಪಸ್. ಬಾಯರ್ ಸ್ಟುಡಿಯೋದಿಂದಲೇ ಹೊರಗೆ. ಸಂಘಟಿತ ಜನಾಕ್ರೋಶ ಅನ್ನುವುದು ಇವತ್ತಿನ ಕಂಡುಹಿಡಿತವೇನಲ್ಲ.

ಕ್ರೂಗ್ ಮಾತ್ರ ಬಚಾವಾದರು. ಅಷ್ಟೊಂದು ಜನಪ್ರಿಯ ನಟನನ್ನು ಮುಟ್ಟುವುದು ಸುಲಭವಿರಲಿಲ್ಲ. 1968ರಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನೂ ಕೊಟ್ಟರು! ಟೀವಿಗೆ ದೊಡ್ಡ ಸರಣಿಗಳಲ್ಲಿ ಅಭಿನಯಿಸಿದರು. ಜೊತೆಗೆ ಹಾಡು. ಅವರ ದನಿ ತೀರ ನಯವಾದದ್ದಲ್ಲ, ಆದರೆ ಜಾಜ್ ಸಂಗೀತದ ಲಯ ಆ ದನಿಗೆ ಸಲೀಸಾಗಿ ಒಗ್ಗುತ್ತಿತ್ತು. ಸಂಗೀತ ಸಂಯೋಜಕ ಗ್ಯುಂಟರ್ ಫಿಷರ್ ಜೊತೆ 1970ರ ದಶಕದಲ್ಲಿ ನಾಲ್ಕು ಎಲ್‌ಪಿ ತಟ್ಟೆ ಬಂದವು. ಹಾಡುಗಳನ್ನು ಬರೆದವರು ಕ್ಲೆಮೆನ್ಸ್ ಕೆರ್ಬರ್ ಅಂತ ಅಚ್ಚಾಗಿರುತ್ತಿತ್ತು. ಆ ಕೆರ್ಬರ್ ಬೇರೆ ಯಾರೂ ಅಲ್ಲ, ಕ್ರೂಗ್ ಅವರೇ. ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕೆಲಸದಲ್ಲಿ ಅರ್ಧ ಪಾಲು ಈ ತಟ್ಟೆಗಳಲ್ಲೇ ಇದೆ.

ಈಗ 1976ರ ನವೆಂಬರ್. ಹಾಡುಗಾರ, ಕವಿ ವೋಲ್ಫ್ ಬೀರ್ಮನ್ ಪಶ್ಚಿಮ ಜರ್ಮನಿಯ ಕೊಲೋನ್‌ಗೆ ಕಛೇರಿ ಕೊಡಲು ಹೋದರು. ಹೋದವರ ಪೌರತ್ವವನ್ನೇ ಪೂರ್ವ ಜರ್ಮನಿ ಕಿತ್ತುಕೊಂಡಿತು. ವಾಪಸ್ ಬರಬೇಡ ಅಂದಂತೆ. ಕೂಡಲೇ ಲೇಖಕರು ಸೇರಿ, ದಯವಿಟ್ಟು ಈ ನಿರ್ಧಾರವನ್ನು ಇನ್ನೊಮ್ಮೆ ಯೋಚಿಸಿ ಅಂತ ಒಂದು ಪತ್ರ ಬರೆದರು. ವಿನಯದ ಪತ್ರವೇ. ಆಮೇಲೆ ನೂರಕ್ಕೂ ಹೆಚ್ಚು ಕಲಾವಿದರು ಅದಕ್ಕೆ ಹೆಸರು ಕೊಟ್ಟರು. ಕ್ರೂಗ್ ಕೂಡ ಸಹಿ ಹಾಕಿದರು.

ನವೆಂಬರ್ 20ರಂದು ಬರ್ಲಿನ್ನಿನ ಪಾಂಕೋ ಬಡಾವಣೆಯ ಕ್ರೂಗ್ ಮನೆಯಲ್ಲಿ ಒಂದು ಸಭೆ ನಡೆಯಿತು. ಒಂದು ಕಡೆ ಪಕ್ಷದ ಪಾಲಿಟ್‌ಬ್ಯೂರೋ ಸದಸ್ಯ ವೆರ್ನರ್ ಲಾಂಬರ್ಟ್ಸ್. ಇನ್ನೊಂದು ಕಡೆ ಕ್ರಿಸ್ತಾ ವೋಲ್ಫ್, ಸ್ಟೆಫಾನ್ ಹೈಮ್, ಹೈನರ್ ಮ್ಯೂಲರ್, ಯೂರೆಕ್ ಬೆಕರ್ ಥರದ ಲೇಖಕರು. ದೇಶದ ಬರವಣಿಗೆಯ ದೊಡ್ಡ ಹೆಸರುಗಳೆಲ್ಲ ಒಬ್ಬ ನಟನ ಕೋಣೆಯಲ್ಲಿ ಕೂತಿದ್ದವು. ಸಹಿ ವಾಪಸ್ ತಗೊಳ್ಳಿ ಅನ್ನುವುದು ಅವರ ವರಸೆ, ಮೊದಲು ಬೀರ್ಮನ್ನನ್ನು ವಾಪಸ್ ಕರೆಸಿ ಅನ್ನುವುದು ಇವರ ವರಸೆ. ಇದೆಲ್ಲವನ್ನೂ ಕ್ರೂಗ್ ಯಾರಿಗೂ ಹೇಳದೆ ಟೇಪಿನಲ್ಲಿ ಹಿಡಿದಿಟ್ಟರು. ಕದ್ದು ಕೇಳುವುದಕ್ಕೇ ಹೆಸರಾದ ರಾಜ್ಯದಲ್ಲಿ ಒಬ್ಬ ನಟ ಪಾಲಿಟ್‌ಬ್ಯೂರೋದವರ ಮಾತನ್ನು ಕದ್ದು ರೆಕಾರ್ಡ್ ಮಾಡಿದ್ದ! ಜೊತೆಗೂಡಿದ್ದ ಗೆಳೆಯರಿಗೂ ಹೇಳದೆ ಮಾಡಿದ್ದು ಸರಿಯೇ ಅಂತ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಇಪ್ಪತ್ತು ವರ್ಷ ಕಳೆದು, 1996ರಲ್ಲಿ, ಆ ಮಾತುಕತೆ ಅವರ ಪುಸ್ತಕದಲ್ಲಿ ಅಚ್ಚಾದಾಗ, ಅಧಿಕಾರ ಹೇಗೆ ಮಾತಾಡುತ್ತದೆ ಅನ್ನುವುದು ಓದುಗರಿಗೆ ಪದ ಪದವಾಗಿ ಸಿಕ್ಕಿತು.

ಸಹಿ ವಾಪಸ್ ತೆಗೆದುಕೊಳ್ಳಲಿಲ್ಲ. ಕೆಲಸ ನಿಂತಿತು. 1977ರ ಏಪ್ರಿಲ್‌ನಲ್ಲಿ ದೇಶ ಬಿಡಲು ಅರ್ಜಿ ಹಾಕಿದರು. ಜೂನ್‌ನಲ್ಲಿ ಹೆಂಡತಿ ಮಕ್ಕಳ ಜೊತೆ ಪಶ್ಚಿಮ ಬರ್ಲಿನ್ ಸೇರಿದರು. ನಲವತ್ತನೇ ವಯಸ್ಸು. ಬರ್ಲಿನ್ ಗೋಡೆಯ ಆಚೆ ದೊಡ್ಡ ತಾರೆ, ಈಚೆ ಹೆಚ್ಚಿನವರಿಗೆ ಪರಿಚಯವೇ ಇಲ್ಲ.

ಮತ್ತೆ ಕೆಳಗಿನಿಂದ ಶುರು ಮಾಡಬೇಕಿತ್ತು, ಮಾಡಿದರು. ಟೀವಿಯಲ್ಲಿ ಲಾರಿ ಡ್ರೈವರ್ ಆದರು. ದೂರದೂರದ ದೇಶಗಳಿಗೆ ಸರಕು ಹೊತ್ತು ಹೋಗುವ ಫ್ರಾಂಜ್ ಮೇರ್ಸ್‌ಡೊಂಕ್ ಅನ್ನುವ ಪಾತ್ರ. 1978ರಲ್ಲಿ ಆರಂಭವಾದ ಆ ಸರಣಿ ವರ್ಷಾನುಗಟ್ಟಲೆ ನಡೆಯಿತು. ಪಶ್ಚಿಮದ ಮನೆಮನೆಯಲ್ಲಿ ಅವರ ಮುಖ ಪರಿಚಯವಾಗಿದ್ದು ಹೀಗೆ. ಮಕ್ಕಳ ಕಾರ್ಯಕ್ರಮದಲ್ಲೂ ಕಾಣಿಸಿಕೊಂಡರು.

1984ರಿಂದ 'ಟಾಟೋರ್ಟ್'. ಜರ್ಮನಿಯ ಭಾನುವಾರ ರಾತ್ರಿಯ ಪತ್ತೇದಾರಿ ಸರಣಿ. 1970ರಲ್ಲಿ ಶುರುವಾಗಿದ್ದು, ಇನ್ನೂ ನಡೆಯುತ್ತಿದೆ. ಒಂದೊಂದು ಊರಿಗೆ ಒಬ್ಬೊಬ್ಬ ಪೊಲೀಸ್ ಅಧಿಕಾರಿ. ಕ್ರೂಗ್ ಹ್ಯಾಂಬರ್ಗ್‌ನ ಸ್ಟೋವರ್. 2001ರವರೆಗೆ 41 ಕಂತು. ಜೊತೆಗಾರ ಪೊಲೀಸಾಗಿ ಚಾರ್ಲ್ಸ್ ಬ್ರೌವರ್. ಕೊಲೆ ತನಿಖೆಯ ನಡುವೆ ಇವರಿಬ್ಬರೂ ಕೂತು ಹಾಡಲು ಶುರು ಮಾಡಿಬಿಟ್ಟರು! ಹೆಣ ಬಿದ್ದಿದೆ, ಪೊಲೀಸರು ಹಾಡುತ್ತಿದ್ದಾರೆ ಅಂತ ಕೆಲವರಿಗೆ ಕಿರಿಕಿರಿ. ಜಾಸ್ತಿ ಜನಕ್ಕೆ ಖುಷಿ. ಕೊನೆಗೆ ಆ ಹಾಡುಗಳ ಸೀಡಿಯೂ ಬಂತು. ನಾನು ಖುಷಿಪಟ್ಟವರ ಪಕ್ಷ.

ಆದರೆ ಪಶ್ಚಿಮದಲ್ಲಿ ಅವರು ಮಾಡಿದ್ದರಲ್ಲಿ ಮೇಲು 'ಲೀಬ್ಲಿಂಗ್ ಕ್ರೊಯ್ಟ್ಸ್‌ಬೆರ್ಗ್'. 1986ರಿಂದ 1998ರವರೆಗೆ ಬಂದದ್ದು. ಬರ್ಲಿನ್ನಿನ ಕ್ರೊಯ್ಟ್ಸ್‌ಬೆರ್ಗ್ ಬಡಾವಣೆಯ ವಕೀಲ ರಾಬರ್ಟ್ ಲೀಬ್ಲಿಂಗ್. ಸೋಮಾರಿ, ಚೂಟಿ, ಮಾತಲ್ಲಿ ಚುರುಕು. ಹಣ್ಣಿನ ಜೆಲ್ಲಿ ಅಂದರೆ ಪ್ರಾಣ, ಮೋಟಾರ್ ಸೈಕಲ್ ಮೇಲೆ ಓಡಾಟ. ಬರುವ ಕೇಸುಗಳು ಬಾಡಿಗೆ ಜಗಳ, ಸಣ್ಣ ಕಳ್ಳತನ, ನೆರೆಹೊರೆಯ ತಕರಾರು. ಇದರ ಹೆಚ್ಚಿನ ಕಂತುಗಳನ್ನು ಬರೆದವರು ಯೂರೆಕ್ ಬೆಕರ್. ಹುಡುಗನಾಗಿದ್ದಾಗ ನಾಜಿಗಳ ಗೆಟ್ಟೋ, ಶಿಬಿರಗಳನ್ನು ದಾಟಿ ಬದುಕಿ ಬಂದ ಲೇಖಕ. 1950ರ ದಶಕದಲ್ಲಿ ಪೂರ್ವ ಬರ್ಲಿನ್ನಿನ ಒಂದೇ ಮನೆಯಲ್ಲಿ ಕ್ರೂಗ್ ಜೊತೆ ಇದ್ದವರು. ಸಹಿ ಹಾಕಿದ್ದೂ ಜೊತೆಗೆ, ದೇಶ ಬಿಟ್ಟದ್ದೂ ಅದೇ ವರ್ಷ. ಗೆಳೆಯ ಹೇಗೆ ಮಾತಾಡುತ್ತಾನೆ, ಎಲ್ಲಿ ನಿಲ್ಲಿಸುತ್ತಾನೆ ಅನ್ನುವುದು ಗೊತ್ತಿದ್ದವರು ಬರೆದ ಸಂಭಾಷಣೆ ಅದು. ಕ್ರೂಗ್ ನಟಿಸುತ್ತಿದ್ದಾರೆ ಅನ್ನಿಸುವುದೇ ಇಲ್ಲ. ಬೆಕರ್ 1997ರಲ್ಲಿ ತೀರಿಕೊಂಡರು. ಗೆಳೆಯ ತಮಗೆ ಬರೆದಿದ್ದ ಕಾರ್ಡುಗಳನ್ನು ಕ್ರೂಗ್ ಪುಸ್ತಕವಾಗಿ ತಂದರು.

ನಡುವೆ ಗೋಡೆ ಬಿತ್ತು. 1989ರ ನವೆಂಬರಿನಲ್ಲೇ ಬಲ್ಲಾನ ಚಿತ್ರ ಡಬ್ಬಿಯಿಂದ ಹೊರಬಂದು ಮತ್ತೆ ತೆರೆ ಕಂಡಿತು. ಇಪ್ಪತ್ತಮೂರು ವರ್ಷ ಮುಚ್ಚಿಟ್ಟ ಚಿತ್ರಕ್ಕೆ ಟಿಕೆಟ್ ಕೊಳ್ಳಲು ಜನ ಬಂದರು.

ಈಗ ಕಹಿ ಭಾಗ. 1996ರಲ್ಲಿ ಸರ್ಕಾರಿ ಟೆಲಿಫೋನ್ ಕಂಪನಿ, ಡಾಯಿಚೆ ಟೆಲಿಕಾಮ್, ಷೇರು ಮಾರಾಟಕ್ಕೆ ಬಂತು. ಜರ್ಮನ್ನರು ಹಣವನ್ನು ಬ್ಯಾಂಕಿನಲ್ಲಿಡುವ ಜನ, ಷೇರು ಅಂದರೆ ಹೆದರಿಕೆ. ಅವರನ್ನು ಒಪ್ಪಿಸಲು ಎಲ್ಲರೂ ನಂಬುವ ಒಂದು ಮುಖ ಬೇಕಿತ್ತು. ಪೂರ್ವದವರಿಗೆ ಬಲ್ಲಾ, ಪಶ್ಚಿಮದವರಿಗೆ ಲೀಬ್ಲಿಂಗ್. ಕ್ರೂಗ್ ಜಾಹೀರಾತಿಗೆ ಒಪ್ಪಿದರು. ಷೇರು 28.50 ಮಾರ್ಕಿಗೆ, ಅಂದರೆ ಸುಮಾರು 14.57 ಯೂರೋಗೆ ಬಂತು. 2000ದ ಮಾರ್ಚಿನಲ್ಲಿ ನೂರು ಯೂರೋ ದಾಟಿತು. ಅದೇ ವರ್ಷ ಕಂಪನಿ 66.50 ಯೂರೋಗೆ ಇನ್ನಷ್ಟು ಷೇರು ಮಾರಿತು. 2002ರಲ್ಲಿ ಅದು ಹತ್ತು ಯೂರೋಗಿಂತ ಕೆಳಗೆ. ಮೊದಲ ಬಾರಿ ಷೇರು ಕೊಂಡ ಸಾಮಾನ್ಯರು ಕೈ ಸುಟ್ಟುಕೊಂಡರು. ಕಂಪನಿಯ ದೊಡ್ಡವರ ಹೆಸರು ಯಾರಿಗೆ ನೆನಪಿರುತ್ತದೆ? ನೆನಪಿದ್ದದ್ದು ಟೀವಿಯಲ್ಲಿ ಬಂದು ತಗೊಳ್ಳಿ ಅಂದ ಮುಖ.

ನಟ ಹೇಳಿದ್ದಕ್ಕೆ ದುಡ್ಡು ಹಾಕಿದ್ದು ಅವರವರ ತಪ್ಪು ಅಂತ ವಾದಿಸಬಹುದಿತ್ತು. ಕ್ರೂಗ್ ಹಾಗೆ ಮಾಡಲಿಲ್ಲ. 2007ರಲ್ಲಿ ಪತ್ರಿಕೆಯೊಂದರ ಸಂದರ್ಶನದಲ್ಲಿ, ತನ್ನ ಮಾತು ಕೇಳಿ ಷೇರು ಕೊಂಡವರೆಲ್ಲರ ಕ್ಷಮೆ ಕೇಳಿದರು. ಆ ಜಾಹೀರಾತು ವೃತ್ತಿಯಲ್ಲಿ ತಾನು ಮಾಡಿದ ದೊಡ್ಡ ತಪ್ಪು ಅಂತ ಒಪ್ಪಿಕೊಂಡರು. ಪಾಲಿಟ್‌ಬ್ಯೂರೋ ಎದುರು ಕೂತಾಗ ಬಿಟ್ಟುಕೊಡದ ಹೆಸರನ್ನು ಮಾರುಕಟ್ಟೆಗೆ ಸಲೀಸಾಗಿ ಕೊಟ್ಟಿದ್ದರು. ಹಾಗೆ ಕೊಟ್ಟದ್ದು ಅವರನ್ನು ಕೊರೆದಿರಬೇಕು ಅಂತ ನನ್ನ ಊಹೆ.

ಅಷ್ಟರಲ್ಲಿ ನಟನೆ ಬಿಟ್ಟಿದ್ದರು. ಕೊನೆಯ ವರ್ಷಗಳಲ್ಲಿ ಬರೆದರು, ಓದಿದರು, ಹಾಡಿದರು. ಹಳೇ ಪೂರ್ವ ಬರ್ಲಿನ್ನಿನ ಜಾಜ್ ಗಾಯಕಿ ಊಷಿ ಬ್ರ್ಯೂನಿಂಗ್ ಜೊತೆ ವೇದಿಕೆ ಹತ್ತುತ್ತಿದ್ದರು. 2016ರ ಅಕ್ಟೋಬರ್ 21ರಂದು, 79ನೇ ವಯಸ್ಸಿನಲ್ಲಿ, ಬರ್ಲಿನ್ನಿನಲ್ಲಿ ತೀರಿಕೊಂಡರು.

ಕೇಳಿದ್ದಕ್ಕೆ ಧನ್ಯವಾದ. ನಮಸ್ಕಾರ.