ತೆರೆದ ಪ್ಲಾಟ್‌ಫಾರ್ಮಿನಲ್ಲೂ ಸಿಗರೇಟು ಏಕೆ ಬೇಡ

ಸಭೆಗೆ ನಮಸ್ಕಾರ.

ಈ ವಿಷಯ ಎತ್ತಿದ ಕೂಡಲೇ ಬರುವ ಮಾತು ನಿಮಗೂ ಗೊತ್ತು. ‘ಗೋಡೆಯಿಲ್ಲ, ಮೇಲೆ ಆಕಾಶವಿದೆ, ಹೊಗೆ ಗಾಳಿಗೆ ಹೋಗುತ್ತದೆ, ನಿಮಗೇನು ಕಷ್ಟ?’ ಇದರಲ್ಲಿ ಅರ್ಧ ನಿಜವಿದೆ, ಮೊದಲು ಅದನ್ನು ಒಪ್ಪಿಕೊಳ್ಳೋಣ. 2007ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಬಯಲಿನಲ್ಲಿ ಸಿಗರೇಟು ಹೊಗೆಯ ಕಣಗಳನ್ನು ಅಳೆದರು. ಸೇದುವವರಿಂದ ಎರಡು ಮೀಟರ್ ದಾಟಿದರೆ ಕಣಗಳು ತೀರಾ ಕಡಿಮೆ. ಸಿಗರೇಟು ಆರಿತೆಂದರೆ ಗಾಳಿ ಬೇಗನೆ ತಿಳಿಯಾಗುತ್ತದೆ. ಆದರೆ ಗಾಳಿ ಬೀಸುವ ಕಡೆ, ಅರ್ಧ ಮೀಟರ್ ಹತ್ತಿರ ನಿಂತವರಿಗೆ? ಕೋಣೆಯೊಳಗೆ ಸಿಗುವಷ್ಟೇ ಹೊಗೆ ಅಲ್ಲೂ ಸಿಗಬಹುದು.

ಅಂದರೆ ಪ್ರಶ್ನೆ ಗೋಡೆಯದ್ದಲ್ಲ, ದೂರದ್ದು. ಉದ್ಯಾನದಲ್ಲಾದರೆ ಎದ್ದು ಆಚೆ ಹೋಗಬಹುದು. ದಿನನಿತ್ಯದ ರೈಲಿಗೆ ಕಾಯುವವರು ಬಾಗಿಲು ಬರುವ ಜಾಗ ನೋಡಿ ನಿಂತಿರುತ್ತಾರೆ. ಮುಂದೆ ಹಳಿ, ಹಿಂದೆ ಜನ. ಎರಡು ಮೀಟರ್ ಸರಿಯಲು ಜಾಗ ಎಲ್ಲಿದೆ? ‘ನಾನು ಮುಖ ತಿರುಗಿಸಿ ಊದುತ್ತೇನಲ್ಲ’ ಎನ್ನುವ ಸಭ್ಯರೂ ಇದ್ದಾರೆ, ಅವರ ಮನಸ್ಸು ಒಳ್ಳೆಯದೇ. ಆದರೆ ಪಕ್ಕದವರಿಗೆ ತಲುಪುವ ಹೊಗೆಯಲ್ಲಿ ದೊಡ್ಡ ಪಾಲು ಬಾಯಿಂದ ಬಂದದ್ದಲ್ಲ. ಬೆರಳ ನಡುವೆ ತಾನೇ ಉರಿಯುವ ತುದಿಯದ್ದು, ಫಿಲ್ಟರನ್ನೇ ಕಾಣದ್ದು. ಮುಖ ತಿರುಗಿದರೂ ಕೈ ಅಲ್ಲೇ ಇರುತ್ತದೆ.

ಇನ್ನು ಲಂಡನ್ನಿನ ಕಿಂಗ್ಸ್ ಕ್ರಾಸ್. ಅದು ನೆಲದಡಿಯ ನಿಲ್ದಾಣ, ನಮ್ಮ ವಿಷಯ ಬಯಲು, ನಿಜ. ಆದರೂ ಈ ಕಥೆ ಬಿಡಲಾಗದು. ಅಲ್ಲಿನ ನೆಲದಡಿಯ ನಿಲ್ದಾಣಗಳಲ್ಲಿ 1985ರಲ್ಲೇ ಧೂಮಪಾನ ನಿಷೇಧವಾಗಿತ್ತು. ಜನ ಏನು ಮಾಡಿದರು? ರೈಲಿಳಿದು, ಹೊರಗೆ ಹೋಗುವ ಎಸ್ಕಲೇಟರ್ ಹತ್ತುತ್ತಲೇ ಕಡ್ಡಿ ಗೀರಿದರು. ಮರದ ಮೆಟ್ಟಿಲುಗಳ ಅಡಿಯಲ್ಲಿ ವರ್ಷಗಟ್ಟಲೆ ಗ್ರೀಸು, ಕೂದಲು, ಬಟ್ಟೆಯ ನಾರು, ಕಾಗದದ ಚೂರು ಕೂತಿತ್ತು. 1987ರ ನವೆಂಬರ್ 18ರ ಸಂಜೆ ಒಂದು ಉರಿಯುವ ಕಡ್ಡಿ ಸಂದಿಯಲ್ಲಿ ಬಿದ್ದಿತೆಂದು ವಿಚಾರಣೆ ತೀರ್ಮಾನಿಸಿತು. ಮೊದಲು ಕಂಡವರಿಗೆ ಅದು ಸಣ್ಣ ಬೆಂಕಿ. ಓರೆಯಾದ ಎಸ್ಕಲೇಟರ್ ಕಾಲುವೆಯಂತಾಗಿ ಜ್ವಾಲೆ ಮೆಟ್ಟಿಲಿಗೆ ಒರಗಿ ಮೇಲಕ್ಕೆ ನುಗ್ಗಿತು, ಟಿಕೆಟ್ ಹಾಲ್ ಒಮ್ಮೆಲೇ ಹೊತ್ತಿತು. 31 ಜನ ಸತ್ತರು. ನಿಷೇಧ ಜಾರಿಯಲ್ಲಿದ್ದಾಗಲೇ.

ನಿಷೇಧದಿಂದ ಸಿಗರೇಟು ಆರುವುದಿಲ್ಲ, ಜಾಗ ಬದಲಿಸುತ್ತದೆ. ಎಲ್ಲಿಗೆ ಬದಲಿಸುತ್ತದೆ ಎಂದು ಮೊದಲೇ ಯೋಚಿಸದ ನಿಯಮ ಅರೆಬರೆ ನಿಯಮ. ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಗೆರೆ ಎಳೆದು ‘ಇಲ್ಲಿ ಸೇದಿ’ ಎಂದರೂ ಅದೇ ತೊಂದರೆ. ಒಳಬರುವ ರೈಲು ಗಾಳಿಯನ್ನು ತನ್ನ ಮುಂದೆ ತಳ್ಳಿಕೊಂಡು ಬರುತ್ತದೆ, ಗೆರೆ ಹೊಗೆಯನ್ನು ತಡೆಯುತ್ತದೆಯೇ? ಸ್ವಿಟ್ಜರ್‌ಲೆಂಡ್ 2019ರಲ್ಲಿ ಧೂಮಪಾನಕ್ಕೆ ಬೇರೆ ಜಾಗ ಗುರುತಿಸಿತು. ನೆದರ್‌ಲೆಂಡ್ಸ್ 2020ರ ಅಕ್ಟೋಬರಿನಲ್ಲಿ ಪ್ಲಾಟ್‌ಫಾರ್ಮಿನ ಬೂದಿ ಕಂಬಗಳನ್ನೇ ಕಿತ್ತು ಹಾಕಿತು. ನನಗೆ ಎರಡನೆಯದೇ ಸರಿ ಎನಿಸುತ್ತದೆ. ಬೂದಿ ಡಬ್ಬಿ ಇದ್ದಲ್ಲಿ ‘ಇಲ್ಲಿ ಸೇದಬಹುದು’ ಎಂಬ ಫಲಕ ಬೇರೆ ಬೇಕಿಲ್ಲ.

ಹಾಗಾಗಿ ಡಬ್ಬಿ ಇರಬೇಕಾದದ್ದು ನಿಲ್ದಾಣದ ಹೊರಗೆ, ಬಾಗಿಲಿನಿಂದ ಹತ್ತು ಮೀಟರಾದರೂ ಆಚೆ, ಜನ ಒಳಬರುವ ದಾರಿಯಿಂದ ಬದಿಗೆ. ಬಾಗಿಲಲ್ಲೇ ಇಟ್ಟರೆ ಎಲ್ಲರೂ ಹೊಗೆಯ ಪರದೆ ದಾಟಿಯೇ ರೈಲು ಹತ್ತಬೇಕು. ಮುಚ್ಚಳವಿರುವ ಲೋಹದ ಡಬ್ಬಿ, ಒಳಗೆ ಮರಳು. ಕಾಗದ ಹಾಕುವ ಕಸದ ಬುಟ್ಟಿ ಅದರ ಪಕ್ಕದಲ್ಲಿ ಬೇಡ. ಫಲಕ ಕಣ್ಣಿನ ಎತ್ತರದಲ್ಲಿ, ಬಾಗಿಲು ನಿಲ್ಲುವ ಜಾಗಗಳಲ್ಲಿ. ಹಳಿಯ ಜಲ್ಲಿಯಲ್ಲಿ ಬಿದ್ದಿರುವ ಹಳೆಯ ತುಂಡುಗಳನ್ನು ನಿಯಮ ಶುರುವಾಗುವ ಹಿಂದಿನ ರಾತ್ರಿಯೇ ಗುಡಿಸಿಬಿಡಿ. ಇದನ್ನು ಒತ್ತಿ ಹೇಳುತ್ತೇನೆ, ಬಿದ್ದ ತುಂಡು ಇನ್ನೊಂದು ತುಂಡನ್ನು ಕರೆಯುತ್ತದೆ.

ಸಮಯವಾಯಿತೆಂದು ಚೀಟಿ ಬಂತು. ದಂಡದ ಬಗ್ಗೆ ಹೇಳಬೇಕಿತ್ತು, ಚಿಕ್ಕದಾಗಿ: ಮೊದಲ ಎರಡು ವಾರ ಬರೀ ಮಾತು, ಆಮೇಲೆ ರಸೀದಿ. ಇ-ಸಿಗರೇಟನ್ನು ಹೆಸರಿಸಿಯೇ ನಿಯಮದಲ್ಲಿ ಸೇರಿಸಿ, ಇಲ್ಲದಿದ್ದರೆ ಮೊದಲ ದಿನವೇ ವಾದ. ಮತ್ತೆ ಸಿಬ್ಬಂದಿ. ಅವರ ವಿರಾಮಕ್ಕೂ ಹೊರಗೇ ಜಾಗ ಕೊಡಿ. ಸಮವಸ್ತ್ರದವರು ಪ್ಲಾಟ್‌ಫಾರ್ಮಿನ ತುದಿಯಲ್ಲಿ ಸೇದುತ್ತಿದ್ದರೆ ಫಲಕವನ್ನು ಯಾರೂ ಓದುವುದಿಲ್ಲ. ಪ್ರಶ್ನೆಗಳಿದ್ದರೆ ಕೇಳಿ.