ಡ್ರೈವರ್ ಒಳಗಿನ ಲಾಕು: ಬರುವುದು ಮೊದಲು, ಹೋಗುವುದು ಕೊನೆಗೆ

ಕೇಳುಗರಿಗೆ ನಮಸ್ಕಾರ.

ಶಿವಮೊಗ್ಗದ ಒಂದು ಅಡಿಕೆ ಮಂಡಿ. ತಕ್ಕಡಿಯ ಯುಎಸ್‌ಬಿ ಕೇಬಲ್ಲು ಕಂಪ್ಯೂಟರಿಗೆ ಸಿಕ್ಕಿಸಿದೆ. ಚೀಲ ಇಟ್ಟ ಕೂಡಲೇ ತೂಕ ಪರದೆಯ ಮೇಲೆ. ಅಷ್ಟರಲ್ಲಿ ಯಾರದೋ ಕಾಲಿಗೆ ತೊಡರಿ ಕೇಬಲ್ಲು ಕಿತ್ತು ಬಂತು ಅನ್ನಿ. ಕಂಪ್ಯೂಟರ್ ಪೂರ್ತಿ ನಿಂತುಹೋಗಬೇಕೋ, ‘ತಕ್ಕಡಿ ಸಿಗುತ್ತಿಲ್ಲ’ ಅಂತ ಹೇಳಿ ಸುಮ್ನಾಗಬೇಕೋ? ಅದು ಡ್ರೈವರ್ ಬರೆದವರ ಕೈಯಲ್ಲಿದೆ.

ಡಿವೈಸ್ ಡ್ರೈವರ್ ಅಂದರೆ ಯಂತ್ರಕ್ಕೂ ಆಪರೇಟಿಂಗ್ ಸಿಸ್ಟಮ್ಮಿಗೂ ನಡುವೆ ನಿಲ್ಲುವ ಪ್ರೋಗ್ರಾಮು. ಅದರ ಒಳಗೆ ಒಂದೇ ಜಾಗಕ್ಕೆ ಹಲವರು ಕೈ ಹಾಕುತ್ತಾರೆ. ತೂಕ ಕೇಳುವ ಬಿಲ್ಲಿಂಗ್ ಪ್ರೋಗ್ರಾಮು ಒಂದು ಕಡೆ, ತೂಕ ತಂದು ಹಾಕುವ ಕೆಲಸ ಇನ್ನೊಂದು ಕಡೆ. ಒಂದೇ ಲೆಕ್ಕದ ಪುಸ್ತಕದಲ್ಲಿ ಇಬ್ಬರು ಗುಮಾಸ್ತರು ಒಟ್ಟಿಗೆ ‘40 ಚೀಲ’ ನೋಡಿ, ಇಬ್ಬರೂ 41 ಅಂತ ಬರೆದರೆ ಒಂದು ಚೀಲ ಮಾಯ, ಅಲ್ವಾ? ಅದನ್ನು ತಡೆಯುವುದಕ್ಕೇ ಲಾಕು: ಒಬ್ಬರು ಹಿಡಿದಿರುವಾಗ ಇನ್ನೊಬ್ಬರು ಕಾಯಬೇಕು.

ಲಾಕನ್ನು ಬಳಸುವ ಮುಂಚೆ ಸಿದ್ಧ ಮಾಡಬೇಕು. ಇಲ್ಲೊಂದು ತಮಾಷೆ ಇದೆ. ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಸೊನ್ನೆ ತುಂಬಿದ ಮೆಮೊರಿ ಪಡೆದು, ಮ್ಯೂಟೆಕ್ಸ್ ಅನ್ನುವ ಬಗೆಯ ಲಾಕನ್ನು ಸಿದ್ಧ ಮಾಡುವುದನ್ನು ಮರೆತರೂ ಎಲ್ಲ ಸರಿಯಾಗೇ ನಡೆಯಬಹುದು. ಸೊನ್ನೆ ಅಂದರೆ ಲಾಕು ಖಾಲಿ ಇದೆ ಅಂತಲೇ ಅರ್ಥ. ಎರಡನೆಯವರು ಬಂದು ಸರದಿ ಕಾಯಲು ನಿಂತಾಗಲೇ ಕಷ್ಟ. ಕಾಯುವವರ ಪಟ್ಟಿಯೇ ತಯಾರಾಗಿಲ್ಲ, ಕರ್ನೆಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳೇ, ಕುಸಿಯುತ್ತದೆ. ಟೇಬಲ್ ಮೇಲಿನ ಪರೀಕ್ಷೆಯಲ್ಲಿ ಪಾಸು, ಮಂಡಿಯ ಗದ್ದಲದಲ್ಲಿ ಫೇಲು! 2006ರಲ್ಲಿ ಲಿನಕ್ಸಿಗೆ ಬಂದ ಲಾಕ್‌ಡೆಪ್ ಅನ್ನುವ ಕಾವಲುಗಾರನನ್ನು ಆನ್ ಮಾಡಿದ್ದರೆ, ‘ಬಳಸುವ ಮುಂಚೆ ಇದನ್ನು ಸಿದ್ಧ ಮಾಡಲಿಲ್ಲವೇನೋ’ ಅನ್ನುವ ಅರ್ಥದ ಎಚ್ಚರಿಕೆ ಕೊಡುತ್ತದೆ. ಬೈಯದೆ, ಅನುಮಾನದಲ್ಲೇ ಕೇಳುತ್ತದೆ. ನನಗೆ ಆ ಧಾಟಿ ಇಷ್ಟ.

ಯಂತ್ರ ಹೋದಾಗ ಇದನ್ನೆಲ್ಲ ಬಿಚ್ಚುವ ಕೆಲಸ ಇದಕ್ಕಿಂತ ಜಾಸ್ತಿ ಕಷ್ಟ. ತಕ್ಕಡಿಗೆ ಕಳಿಸಿದ ಕೋರಿಕೆಗಳನ್ನು ಮೊದಲು ರದ್ದು ಮಾಡಬೇಕು, ಟೈಮರ್ ನಿಲ್ಲಿಸಬೇಕು. ನಿಲ್ಲು ಅಂದರಷ್ಟೇ ಸಾಲದು, ಓಡುತ್ತಿರುವುದು ನಿಲ್ಲುವ ತನಕ ಕಾಯಬೇಕು. ಕೆಲವರು ಲಾಕು ಹಿಡಿದುಕೊಂಡೇ ಕಾಯುತ್ತಾರೆ. ಆ ಕೆಲಸಕ್ಕೂ ಅದೇ ಲಾಕು ಬೇಕಿದ್ದರೆ ಮುಗಿಯಿತು, ಇದು ಅದಕ್ಕೆ ಕಾಯುತ್ತದೆ, ಅದು ಇದಕ್ಕೆ. ಎಲ್ಲ ನಿಂತ ಮೇಲೆ ಲಾಕನ್ನು ಅಳಿಸುವ ಸರದಿ, ಕಟ್ಟಕಡೆಗೆ ಮೆಮೊರಿ. ಲಾಕನ್ನು ಅಳಿಸುವ ಕರೆ ಲಿನಕ್ಸಿನಲ್ಲಿ ಡೀಬಗ್, ಅಂದರೆ ತಪ್ಪು ಹುಡುಕುವ, ಆಯ್ಕೆ ಇಲ್ಲದಿದ್ದರೆ ಏನೂ ಮಾಡುವುದಿಲ್ಲ. ಹಾಗಂತ ಬಿಟ್ಟುಬಿಡಬೇಡಿ, ಬಿಟ್ಟರೆ ಡೀಬಗ್ ಮಾಡುವಾಗಲೂ ತಪ್ಪು ಸಿಗದೆ ಹೋಗುತ್ತದೆ.

ಈಗ ಕಿತ್ತು ಬಂದ ಕೇಬಲ್ಲು. ತಕ್ಕಡಿ ಹೋಯಿತು, ಬಿಲ್ಲಿಂಗ್ ಪ್ರೋಗ್ರಾಮು ಇನ್ನೂ ಅದರ ಫೈಲನ್ನು ತೆರೆದಿಟ್ಟುಕೊಂಡೇ ಇದೆ. ಅದು ಮತ್ತೆ ತೂಕ ಕೇಳಿದಾಗ ಮುಟ್ಟುವುದು ಅದೇ ಲಾಕನ್ನು. ಆ ಲಾಕು ಇರುವುದೇ ಡ್ರೈವರಿನ ಮೆಮೊರಿಯೊಳಗೆ. ಕೇಬಲ್ ಹೋದ ಕ್ಷಣವೇ ಮೆಮೊರಿ ಬಿಟ್ಟುಕೊಟ್ಟಿದ್ದರೆ ಅಲ್ಲಿ ಬೇರೆ ಯಾರದೋ ಡೇಟಾ ಕೂತಿರಬಹುದು. ಅದಕ್ಕೇ ಎಷ್ಟು ಜನ ಬಳಸುತ್ತಿದ್ದಾರೆ ಅಂತ ಲೆಕ್ಕ ಇಡುತ್ತಾರೆ. ಕೇಬಲ್ ಹೋದಾಗ ‘ಯಂತ್ರ ಇಲ್ಲ’ ಅಂತ ಲಾಕಿನೊಳಗೇ ಗುರುತು ಹಾಕಬೇಕು. ಓದಲು ಬಂದವರು ಆ ಗುರುತು ನೋಡಿ ವಾಪಸ್ ಹೋಗುತ್ತಾರೆ. ಕೊನೆಯವರು ಫೈಲ್ ಮುಚ್ಚಿದ ಮೇಲೆ ಮೊದಲು ಲಾಕು, ಅದರ ಹಿಂದೆಯೇ ಮೆಮೊರಿ ಹೋಗುತ್ತವೆ.

ನಮಸ್ಕಾರ.