ಪಂಪ್ ಹಾಕಿದರೂ ಎದೆಹಾಲು ಬರುತ್ತಿಲ್ಲವಾ? ಮೊದಲು ಈ ಚಿಕ್ಕ ವಾಲ್ವ್ ನೋಡಿ

ನಮಸ್ಕಾರ. ನೀವು ಜಾಸ್ತಿ ಕೇಳಿರುವ ಪ್ರಶ್ನೆ ಇದು: "ಅಕ್ಕ, ಯಾವ ಎಲೆಕ್ಟ್ರಿಕ್ ಬ್ರೆಸ್ಟ್ ಪಂಪ್ ಜೋರಾಗಿ ಎಳೆಯುತ್ತದೆ?" ಜೋರಾಗಿ ಎಳೆದರೆ ಹಾಲು ಜಾಸ್ತಿ ಬರುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಹಾಗೇನಿಲ್ಲ.

ಹಸು ಕರೆಯುವುದನ್ನು ನೋಡಿದ್ದೀರಲ್ವಾ? ಮೊದಲು ಕರು ಬಿಡುತ್ತಾರೆ. ಅದು ಮೂತಿಯಿಂದ ಗುದ್ದಿ ಗುದ್ದಿ ಚೀಪಿ, ಹಸು ತೊರೆ ಬಿಟ್ಟ ಮೇಲೆಯೇ ಚೊಂಬಿಗೆ ಸೊರ್ ಅಂತ ಹಾಲು ಬೀಳುವುದು. ಅದಕ್ಕೂ ಮುಂಚೆ ಎಷ್ಟು ಹಿಂಡಿದರೂ ನಾಲ್ಕು ಹನಿ, ಮೇಲೆ ಒದೆತ ಬೇರೆ. ನಮ್ಮಲ್ಲೂ ಹಾಲು ಇಳಿಸುವುದು ಹಸುವಿನಲ್ಲಿರುವ ಅದೇ ಆಕ್ಸಿಟೋಸಿನ್ ಹಾರ್ಮೋನ್. ಮಗು ಮೊದಲು ಬೇಗ ಬೇಗ ಚೀಪುತ್ತದೆ. ಹಾಲು ಇಳಿದ ಮೇಲೆ ನಿಧಾನವಾಗಿ, ಆಳವಾಗಿ ಎಳೆದು ಗುಟುಕು ಗುಟುಕಾಗಿ ನುಂಗುತ್ತದೆ. ಪಂಪ್‌ನಲ್ಲಿ ಈ ಎರಡೂ ಇರಬೇಕು. ಮೊದಲಿನದಕ್ಕೆ ಮಸಾಜ್ ಅಂತಲೋ ಸ್ಟಿಮ್ಯುಲೇಷನ್ ಅಂತಲೋ ಬರೆದಿರುತ್ತಾರೆ. ಎಳೆತವನ್ನು ನೋವಾಗುವ ತನಕ ಏರಿಸಬೇಡಿ, ನೋವಿದ್ದರೆ ಹಾಲು ಇಳಿಯುವುದೇ ತಡ.

[ವಾಲ್ವ್ ಅನ್ನು ಕ್ಯಾಮೆರಾ ಹತ್ತಿರ ಹಿಡಿದು]

ಇದನ್ನು ನೋಡಿ, ಇದೇ ಪಂಪ್‌ನ ವಾಲ್ವ್. ಬಾತುಕೋಳಿ ಕೊಕ್ಕಿನಂಥ ಸಿಲಿಕೋನ್ ಚೂರು, ತುದಿಯಲ್ಲಿ ಒಂದು ಸೀಳು. ಈ ಸೀಳು ಪೂರ್ತಿ ಮುಚ್ಚಿಕೊಂಡರೆ ಮಾತ್ರ ಎಳೆತ ಹುಟ್ಟುತ್ತದೆ. ಮಗುವಿಗೆ ಐದು ತಿಂಗಳಾದಾಗ ನನಗೆ ಪಂಪ್‌ನಲ್ಲಿ ಬರುವ ಹಾಲು ಅರ್ಧಕ್ಕೆ ಇಳಿಯಿತು. ಹಾಲು ಬತ್ತಿತು ಅಂತ ಅತ್ತುಬಿಟ್ಟೆ. ಅಮ್ಮ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಅಂತ ಮತ್ತೆ ಬಾಣಂತಿ ಅಡುಗೆ ಶುರು ಮಾಡಿದರು. ಕೊನೆಗೊಂದು ದಿನ ತೊಳೆಯುವಾಗ ವಾಲ್ವನ್ನು ಕಿಟಕಿ ಬೆಳಕಿಗೆ ಹಿಡಿದೆ. ಸೀಳು ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು, ಅಷ್ಟೇ! ಹೊಸದು ಹಾಕಿದ ದಿನವೇ ಬಾಟಲಿಯಲ್ಲಿ ಹಾಲು ಹಳೇ ಗೆರೆ ಮುಟ್ಟಿತು. ಅದಕ್ಕೇ ಹೇಳುವುದು, ಕೊಳ್ಳುವ ಮೊದಲು ವಾಲ್ವ್ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ. ಸೀಳಿಗೆ ಬ್ರಷ್ ಹಾಕಿ ಉಜ್ಜಬೇಡಿ.

ಟೈಮ್ ಕಮ್ಮಿ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಎದೆಗೆ ಇಡುವ ಕಪ್ ಸಾಮಾನ್ಯವಾಗಿ 24 ಮಿಲಿಮೀಟರ್‌ನದು ಬರುತ್ತದೆ, ಅದು ಎಲ್ಲರಿಗೂ ಸರಿಹೋಗುವುದಿಲ್ಲ. ತೊಟ್ಟಿನ ಬುಡದ ಅಗಲವನ್ನು ಸ್ಕೇಲ್ ಇಟ್ಟು ಅಳೆದುಕೊಳ್ಳಿ. ಪಂಪ್ ಮಾಡಿದ ಮೇಲೆ ತೊಟ್ಟು ಬೆಳ್ಳಗಾದರೆ, ಉಜ್ಜಿ ಉರಿದರೆ ಸೈಜ್ ತಪ್ಪಿರಬಹುದು. ಹಾಲು ಗಾಳಿ ಎಳೆಯುವ ಟ್ಯೂಬ್ ಒಳಗೆ ಹೋಗದಂತೆ ತಡೆ ಇರುವ ಪಂಪನ್ನೇ ತಗೊಳ್ಳಿ, ಇಲ್ಲದಿದ್ದರೆ ಒಳಗೆ ಬೂಷ್ಟು ಬರಬಹುದು.

ಹಿಂಡಿದ ಹಾಲು 25 ಡಿಗ್ರಿ ಒಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ರಾಯಚೂರು, ಕಲಬುರಗಿ ಕಡೆಯವರು ಏಪ್ರಿಲ್‌ನಲ್ಲಿ ಆ 4 ಗಂಟೆಯನ್ನು ನಂಬಬೇಡಿ, ಬಾಟಲಿ ಮುಚ್ಚಿದ ತಕ್ಷಣ ಫ್ರಿಜ್ಜಿಗೆ ಇಟ್ಟುಬಿಡಿ.